ಟೋಪಿ ಸಸಿಗಳ ಅಪ್ಪ

ಸಸಿಮಡಿಯೊಳಕ್ಕೆ ಧರ್ಮ ಚಪ್ಪಲಿ ಕಳಚಿಟ್ಟೇ ಕಾಲಿಡುತ್ತಾನೆ. ಹಾನುಬಾಳಿನ ಮೇಲಿನ ನಮ್ಮ ಎಸ್ಟೇಟಿನ ನರ್ಸರಿ ಮೇಸ್ತ್ರಿಯಾದ ಅವನು, ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತು ಮಣ್ಣಿನಿಂದೇಳುವ ಕಾಫಿಯ ಟೋಪಿ ಸಸಿಗಳ ನಡುವೆ, ಮಲಗಿದ ಮಕ್ಕಳನ್ನು ದಾಟುವವನಂತೆ ತುದಿಗಾಲಲ್ಲಿ ನಡೆಯುತ್ತಾನೆ; ಬೇರು ಮಡಚದಂತೆ ಸಸಿಯನ್ನು ಎರಡೇ ಬೆರಳಲ್ಲಿ ಹಿಡಿದು ಚೀಲಕ್ಕಿಳಿಸುವ ಅವನ ನಾಜೂಕಿಗೆ ಸಾಹುಕಾರರೇ ತಲೆದೂಗಿದ್ದಾರೆ. ಅದೇ ಮನುಷ್ಯ ತನ್ನ ಹನ್ನೊಂದು ತಿಂಗಳ ಮಗಳು ಗಗನಾಳನ್ನು ನಾಲ್ಕು ಜನರೆದುರು ಎತ್ತಿಕೊಂಡದ್ದನ್ನು ಯಾರೂ ಕಂಡಿಲ್ಲ.

ಅಮ್ಮ ತುಂಬಿಕೊಟ್ಟ ಬುತ್ತಿ ತಿಂದು, ಡಬ್ಬಿಯನ್ನು ತೊಳೆಯದೆ ಹಾಗೇ ಮನೆಗೊಯ್ಯುವ, ಎಸ್ಟೇಟಿನ ಹಾಜರಿ-ಲೆಕ್ಕ ಬರೆಯುವ ಇಪ್ಪತ್ತಾರರ ರೈಟರ್ ನಾನು. ಇಂಥ ವಿಷಯದಲ್ಲಿ ತೀರ್ಪು ಕೊಡಲು ನನ್ನಷ್ಟು ಅನರ್ಹ ಇನ್ನೊಬ್ಬನಿಲ್ಲ. ಆದರೂ ಕೋಪಕ್ಕೆ ಅರ್ಹತಾಪತ್ರ ಬೇಕಿಲ್ಲವಲ್ಲ.

ಮಾರ್ಚಿನಲ್ಲಿ ಅವನ ಹೆಂಡತಿ ನೇತ್ರಾವತಿಯ ಹೆಸರು ಅಂಗನವಾಡಿ ಸಹಾಯಕಿಯರ ಪಟ್ಟಿಯಲ್ಲಿ ಮೊದಲನೆಯದಾಗಿ ಬಂತು. ಹೇಳಿದ ದಿನ ಸಂಜೆಯೊಳಗೆ ಸಕಲೇಶಪುರದಲ್ಲಿ ಮೂಲ ದಾಖಲೆ ತೋರಿಸಬೇಕು, ತಪ್ಪಿದರೆ ಕೆಲಸ ಮುಂದಿನವರಿಗೆ. ಆ ಬೆಳಿಗ್ಗೆಯೇ ಕೂಸಿಗೆ ಜ್ವರ. ಮನೆಯಲ್ಲಿ ಬೇರೆ ದಿಕ್ಕಿಲ್ಲ. ಅವಳು ಸಸಿಮಡಿಗೇ ಬಂದು, ಒಂದು ದಿನ ರಜೆ ಹಾಕಿ ಮಗುವನ್ನು ನೋಡಿಕೊಳ್ಳಿ ಎಂದು ಕೇಳಿದಳು.

"ಕೂಸು ಎತ್ಕೊಂಡು ಕೂತ್ರೆ ಕೂಲಿ ಲೈನ್ ಮನೆಯೋರು ನಗಾಡ್ತಾರೆ ಕಣೇ," ಎಂದ ಧರ್ಮ. "ಬಿಸ್ಲು ಬೇರೆ ಜೋರೈತೆ, ಸಸಿ ಬಾಡೋಗ್ತವೆ."

"ಸಸಿ ಬಾಡೋದು ಗೊತ್ತಾಯ್ತದೆ ನಿಮ್ಗೆ. ಮಗಿನ ಮೈ ಒಂದ್ಸಲ ಮುಟ್ಟಿ ನೋಡಿ."

ಅವನು ನನ್ನತ್ತ ತಿರುಗಿದ. "ನೋಡಿ ರೈಟ್ರೇ, ನಾಳೆ ನಂಗೆ ಸೀರೆನೂ ಉಡಿಸ್ತಾಳೆ."

ಸುತ್ತಲಿದ್ದವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು, ರಜೆ ಬರೆಯುವ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡಿದ್ದ ನಾನು.

ಅವಳು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡೇ ಬಸ್ಸು ಹತ್ತಿದಳು. ದಾರಿಯಲ್ಲಿ ಮಗು ಕಣ್ಣು ಮೇಲೆ ಮಾಡಿ ಸೆಟೆದುಕೊಂಡಿತು. ಕಚೇರಿಗೆ ಹೊರಟವಳು ಆಸ್ಪತ್ರೆಗೆ ಓಡಿದಳು. ಮಗು ಉಳಿಯಿತು. ಕೆಲಸ ಪಟ್ಟಿಯ ಎರಡನೆಯ ಹೆಸರಿಗೆ ಹೋಯಿತು. ಇತ್ತ ಧರ್ಮ ಸಂಜೆಯವರೆಗೂ ಮಡಿಗೆ ನೆರಳು ಹೊದಿಸುತ್ತಿದ್ದ. ಒಂದು ಸಸಿಯೂ ಬಾಡಲಿಲ್ಲ.

ಮರುದಿನ ಅವನು, "ಅವ್ಳ ಹಣೇಲಿ ಬರ್ದಿರ್ಲಿಲ್ಲ, ಬುಡಿ" ಎಂದಾಗ ನನಗೆ ಮೈಯೆಲ್ಲ ಉರಿಯಿತು. ಬರೆದವರು ನಾವೇ, ಹಾಡಹಗಲಲ್ಲಿ, ನಗುನಗುತ್ತ.

ಇಂಥ ಅಪ್ಪಂದಿರನ್ನು ನಮ್ಮೂರುಗಳು ಕೆಟ್ಟವರೆನ್ನುವುದಿಲ್ಲ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಸಂಬಳವನ್ನು ತಪ್ಪದೆ ಮನೆಗೆ ತರುತ್ತಾರೆ. ಹೆಣ್ಣೊಬ್ಬಳ ದಾರಿಗೆ ಅಡ್ಡ ಮಲಗಲು ದುಷ್ಟತನ ಬೇಕಾಗಿಯೇ ಇಲ್ಲ. ನಾಲ್ಕು ಜನ ನಕ್ಕಾರೆಂಬ ಭಯ ಅವರಿಗಿದ್ದು, ನಗಲು ನಮ್ಮಂಥ ನಾಲ್ವರು ಸಿಕ್ಕರೆ ಸಾಕು.