ತಿಪ್ಪೇರುದ್ರಮ್ಮಜ್ಜಿ ಯಾಕೆ ಮಾತಾಡಿಸಲಿಲ್ಲ?

ಹಳ್ಳಿಯಲ್ಲಿ ಮಾತು ಬಿಡುವುದಕ್ಕೆ ಕಾರಣಗಳಿಗೇನು ಬರವೇ? ಒಬ್ಬರ ಕೋಳಿ ಇನ್ನೊಬ್ಬರ ಹಿತ್ತಲಿಗೆ ನುಗ್ಗಿದರೂ ಸಾಕು, ಎರಡು ಮನೆಯವರು ಮೂರು ವರ್ಷ ಮುಖ ನೋಡುವುದಿಲ್ಲ. ಆದರೆ ಯಾವ ಕಾರಣವೂ ಇಲ್ಲದೆ, ನಿನ್ನೆ ಮೊನ್ನೆಯವರೆಗೆ ಚೆನ್ನಾಗಿದ್ದವರು ಮಾತು ಬಿಟ್ಟರೆ ಏನು ಮಾಡಬೇಕು? ಬಿಳಿಕಲ್ಲಹಟ್ಟಿಯ ಗಂಗಲಕ್ಷ್ಮಿಗೆ ಬಂದದ್ದು ಇದೇ ಕಷ್ಟ. ಇದು ಎರಡು ಸಾವಿರದ ಒಂದನೇ ಇಸವಿಯ ಮಾತು.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು ಎರಡು ಮೈಲಿ ನಡೆದರೆ ಬಿಳಿಕಲ್ಲಹಟ್ಟಿ. ಕುರಿ, ಕಂಬಳಿ, ಒಂದಿಷ್ಟು ಕಡಲೆಕಾಯಿ ಹೊಲ, ಅಷ್ಟೇ ಆ ಊರು. ಗಂಗಲಕ್ಷ್ಮಿ ಓಬಳೇಶನ ಹೆಂಡತಿಯಾಗಿ ಅಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಇಪ್ಪತ್ತರ ಹುಡುಗಿ, ಏಳು ತಿಂಗಳ ಬಸುರಿ. ಹೆತ್ತ ತಾಯಿಯೂ ಇಲ್ಲ, ಮನೆಯಲ್ಲಿ ಅತ್ತೆಯೂ ಇಲ್ಲ. ಓರಗಿತ್ತಿ ಯರ್ರಮ್ಮ ಬೆಳಗಾದರೆ ಕೂಲಿಗೆ ಹೋಗುವವಳು.

ಹೊಸ ಊರಿನಲ್ಲಿ ಗಂಗಲಕ್ಷ್ಮಿಯನ್ನು ಮೊದಲು ಮಾತಾಡಿಸಿದವಳು ತಿಪ್ಪೇರುದ್ರಮ್ಮಜ್ಜಿ. ಎಪ್ಪತ್ತು ದಾಟಿದ ಮುದುಕಿ. ನೀರಿನ ಬೋರಿಂಗಿಗೆ ಹೋಗುವ ದಾರಿಯಲ್ಲಿ ಅವಳ ಮನೆ. ದಿನವಿಡೀ ಜಗಲಿಯ ಮೇಲೆ ಕೂತು ಕುರಿಯ ಉಣ್ಣೆಯಿಂದ ನೂಲು ತೆಗೆಯುತ್ತಿದ್ದಳು. ಜಗಲಿಯ ಎದುರಿಗೆ ಬೇವಿನ ಮರದ ಕಟ್ಟೆ, ಕಟ್ಟೆಯ ಮೇಲೆ ಗಂಗಲಕ್ಷ್ಮಿಯ ಮಾವ ದೊಡ್ಡೀರಪ್ಪ ಮತ್ತು ಅವನ ಜೊತೆಗಾರರು. ಹಿರಿಯರ ಮುಂದೆ ಸೊಸೆಯಾದವಳು ಬೀದಿಯಲ್ಲಿ ದನಿ ಎತ್ತುವ ಪದ್ಧತಿ ಆ ಊರಿನಲ್ಲಿಲ್ಲ. ಹಾಗಾಗಿ ಗಂಗಲಕ್ಷ್ಮಿ ಸುಮ್ಮನೆ ನಕ್ಕು ಮುಂದೆ ಹೋಗುವಳು. ಅಜ್ಜಿಯೇ ಮೊದಲು ಕೂಗುವಳು.

“ಏಯ್ ಗಂಗೀ, ಬಾರೆ ಇಲ್ಲಿ! ನೀರು ಎಲ್ಲಿಗೂ ಓಡಿ ಹೋಗಲ್ಲ.”

ಹೀಗೆ ಶುರುವಾದ ಸ್ನೇಹ ಎರಡು ವರ್ಷದಲ್ಲಿ ಗಟ್ಟಿಯಾಯಿತು. ಹುಡುಗಿ ತನ್ನವ್ವನ ನೆನಪು ಹೇಳಿಕೊಂಡು ಅಳುವಳು. ಮುದುಕಿ ಎಂದೋ ತೀರಿಹೋದ ಮಗಳ ವಿಷಯ ಹೇಳುವಳು; ಆ ಮಾತನ್ನು ಅವಳು ಮಗನ ಹತ್ತಿರವೂ ಆಡಿದವಳಲ್ಲ. ಆ ಬೀದಿಯ ಅರ್ಧಕ್ಕರ್ಧ ಜನ ಕೂಸಾಗಿದ್ದಾಗ ಇದೇ ಅಜ್ಜಿಯ ಚಾಚಿದ ಕಾಲ ಮೇಲೆ ಮಲಗಿ ಎಣ್ಣೆನೀರು ಹಾಕಿಸಿಕೊಂಡವರು. ಗಂಗಲಕ್ಷ್ಮಿಗೂ ಅವಳು ಮಾತು ಕೊಟ್ಟಿದ್ದಳು.

“ಅವ್ವ ಇಲ್ಲ ಅಂತ ಯಾಕವ್ವ ಕೊರಗ್ತೀಯ? ನಿನ್ ಬಾಣಂತನ ನಾನು ಮಾಡ್ತೀನಿ. ನಿನ್ ಕೂಸಿಗೆ ಎರೆಯೋಳು ನಾನೇ.”

ಇಷ್ಟು ಹೇಳಿದ ಅಜ್ಜಿ ಒಂದು ದಿನ ಇದ್ದಕ್ಕಿದ್ದಂತೆ ಕರೆಯುವುದನ್ನೇ ನಿಲ್ಲಿಸಿಬಿಟ್ಟಳು.

ಗಂಗಲಕ್ಷ್ಮಿ ಎಂದಿನಂತೆ ಬಿಂದಿಗೆ ಹಿಡಿದು ಹೋದಳು, ನಕ್ಕಳು. ಅಜ್ಜಿ ಅವಳ ಕಡೆಗೇ ನೋಡುತ್ತಿದ್ದಳು, ಆದರೆ ನಗಲಿಲ್ಲ, ಕರೆಯಲಿಲ್ಲ. ಏನೋ ಯೋಚನೆಯಲ್ಲಿದ್ದಾಳೆ ಎಂದುಕೊಂಡಳು. ಮಾರನೆಯ ದಿನವೂ ಅದೇ. ವಾರ ಕಳೆದರೂ ಅದೇ. ತಾನೇನು ತಪ್ಪು ಮಾಡಿದೆ? ಹಿಂದಿನ ವಾರ ಕೊಟ್ಟ ಸಾರಿಗೆ ಉಪ್ಪು ಹೆಚ್ಚಾಗಿತ್ತೇ? ಯಾರಾದರೂ ಚಾಡಿ ಹೇಳಿದರೇ? ಉಪ್ಪಿಗೆಲ್ಲ ಮುನಿಸಿಕೊಳ್ಳುವ ಮುದುಕಿಯಲ್ಲ ಅವಳು. ಎಷ್ಟು ಯೋಚಿಸಿದರೂ ಹುಡುಗಿಗೆ ತಲೆಬುಡ ತಿಳಿಯಲಿಲ್ಲ.

ಯರ್ರಮ್ಮನನ್ನು ಕೇಳಿದರೆ ಅವಳು ಕೈ ಕೊಡವಿದಳು. “ಅರವತ್ತಕ್ಕೆ ಅರಳು ಮರಳು ಅಂತಾರೆ, ಅದಕ್ಕೆ ಎಪ್ಪತ್ತಾಗೈತೆ. ಮೊನ್ನೆ ಕಂಬಳಿ ನೇಯೋ ಚಿಕ್ಕಬಸಪ್ಪ ನೂಲಿನ ಉಂಡೆ ವಾಪಸ್ ಕಳಿಸಿದ್ನಂತೆ. ಕರಿ ಉಣ್ಣೆ ಒಳಗೆ ಬಿಳೀದು ಸೇರ್ಸಿ ನೂತಿದ್ಲಂತೆ!”

ಅರಳು ಮರಳು ಎಂದರೆ ತನ್ನೊಬ್ಬಳನ್ನೇ ಯಾಕೆ ಮರೆಯಬೇಕು? ಅದೇ ಬೀದಿಯ ಕಾಮಣ್ಣ “ಏನಜ್ಜಿ, ಉಂಡ್ಯಾ?” ಎಂದಾಗ ಅಜ್ಜಿ ಹೆಸರು ಹಿಡಿದು ಮಾತಾಡಿದ್ದನ್ನು ಗಂಗಲಕ್ಷ್ಮಿಯೇ ಕಂಡಿದ್ದಳು. ಕಾಮಣ್ಣ ಬೇಕು, ನಾನು ಬೇಡ. ಹೆರಿಗೆಗೆ ಎರಡೇ ತಿಂಗಳಿತ್ತು. ನಂಬಿಕೊಂಡಿದ್ದ ಒಂದೇ ಒಂದು ಕೈ ಜಾರಿಹೋದಂತಾಯಿತು.

ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಗಂಗಲಕ್ಷ್ಮಿ ಬಿಂದಿಗೆ ಇಳಿಸಿ ಜಗಲಿಯ ಮುಂದೆ ಹೋಗಿ ನಿಂತಳು. ಅಜ್ಜಿ ನೂಲುತ್ತಲೇ ಇದ್ದಳು. ಎದುರಿಗೆ ಒಂದು ಆಳು ನಿಂತಿದ್ದರೂ ಒಂದು ಮಾತಿಲ್ಲ. ಹುಡುಗಿಗೆ ದುಃಖ ಉಕ್ಕಿ ಬಂತು, ಬಿಕ್ಕಿ ಅತ್ತಳು.

“ಯಾರವ್ವ ಅದು? ಯಾಕೆ ಅಳ್ತಿದೀಯ?” ಎಂದಳು ಅಜ್ಜಿ.

“ಎದುರಿಗೇ ನಿಂತಿದೀನಿ, ಯಾರು ಅಂತ ಕೇಳ್ತೀಯಲ್ಲಜ್ಜಿ!”

“ಗಂಗೀ! ಈಗ ನೆನಪಾತೇನೆ ಈ ಮುದುಕೀದು? ತಿಂಗಳಾತು ನೀನು ಈ ಕಡೆ ತಲೆ ಹಾಕಿ. ನಾನೇನಂದೆ ಅಂತ ಮುನಿಸ್ಕೊಂಡೆ?”

“ನಾನಾ? ದಿನಾ ಎರಡು ಸಲ ನಿನ್ ಮುಂದೇನೇ ನೀರಿಗೆ ಹೋಗ್ತೀನಿ. ನೀನೇ ಮಾತಾಡ್ಸಲ್ಲ!”

“ಸುಳ್ಳು ಹೇಳ್ಬೇಡ. ನೀನು ಬಂದ್ರೆ ನಿನ್ ಕಾಲ್ಗೆಜ್ಜೆ ಕೇಳ್ತಿರ್ಲಿಲ್ವಾ ನಂಗೆ?”

ಗಂಗಲಕ್ಷ್ಮಿ ತನ್ನ ಕಾಲು ನೋಡಿಕೊಂಡಳು. ಪಾದ ಊದಿಕೊಂಡು ಗೆಜ್ಜೆ ಬಿಗಿಯಾಗಿ, ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಒಂದು ತಿಂಗಳಾಗಿತ್ತು. ಮೆಲ್ಲಗೆ ಕೈ ಎತ್ತಿ ಅಜ್ಜಿಯ ಮುಖದ ಮುಂದೆ ಆಡಿಸಿದಳು. ಅಜ್ಜಿ ರೆಪ್ಪೆ ಬಡಿಯಲಿಲ್ಲ.

“ಅಜ್ಜಿ, ನಿಂಗೆ ಕಣ್ಣು ಕಾಣಲ್ವಾ?”

ನೂಲುವ ಕೈ ನಿಂತಿತು. “ಮೂರು ವರ್ಷದಿಂದ ಮಂಜು ಕಣವ್ವ. ಈಗೀಗ ಬೆಳಕು ನೆರಳು ಅಷ್ಟೇ. ಮನೆ ನಂದೇ ಅಲ್ವಾ, ಗೋಡೆ ಸವರ್ಕೊಂಡು ಓಡಾಡ್ತೀನಿ. ಮಾತು ಕೇಳಿದ್ರೆ ಆಳು ಯಾರು ಅಂತ ಗೊತ್ತಾಗ್ತೈತೆ.”

“ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?”

“ಕಣ್ಣು ಕಾಣ್ದೋಳ ಕಾಲ್ ಮೇಲೆ ಕೂಸು ಹಾಕ್ತಾರೇನೆ ಯಾರಾದ್ರೂ? ಬಿಸಿನೀರು ಅದು. ನೀನು ಹಾಕ್ತೀಯಾ?”

ಗಂಗಲಕ್ಷ್ಮಿ ಅಜ್ಜಿಯ ಪಕ್ಕದಲ್ಲಿ ಕೂತು, “ಗುರುವಾರ ನರ್ಸಮ್ಮ ಬರ್ತಾರೆ, ಮೊದಲು ಕಣ್ಣು ತೋರಿಸೋಣ ಅಜ್ಜಿ” ಎಂದಳು.

ಗುರುವಾರ ಚುಚ್ಚುಮದ್ದಿನ ದಿನ, ನರ್ಸ್ ಶೈಲಜಾ ಊರಿಗೆ ಬಂದರು. ಮೊದಲು ಗಂಗಲಕ್ಷ್ಮಿಯ ಊದಿದ ಕಾಲು ನೋಡಿ ಬಿಪಿ ಪರೀಕ್ಷೆ ಮಾಡಿದರು. ಬಿಪಿ ಸರಿಯಾಗಿತ್ತು. “ಮುಖ, ಕೈ ಊದಿದ್ರೆ, ತಲೆನೋವು ಬಂದ್ರೆ ಗುರುವಾರ ಬರ್ಲಿ ಅಂತ ಕಾಯ್ಬೇಡಮ್ಮ, ಅವತ್ತೇ ಆಸ್ಪತ್ರೆಗೆ ಹೋಗು” ಎಂದರು. ಹುಡುಗಿ ಅವರ ಕೈ ಹಿಡಿದು ಅಜ್ಜಿಯ ಜಗಲಿಗೆ ಕರೆತಂದಳು. ಶೈಲಜಾ ಬ್ಯಾಟರಿ ಬಿಟ್ಟು ಅಜ್ಜಿಯ ಕಣ್ಣು ನೋಡಿದರು.

“ಪೊರೆ ಬಂದಂಗೆ ಕಾಣ್ತೈತೆ. ಕಣ್ಣಿನ ಡಾಕ್ಟ್ರು ನೋಡಿ ಖಚಿತ ಮಾಡ್ಬೇಕು. ಮುಂದಿನ ವಾರ ಚಳ್ಳಕೆರೆ ಆಸ್ಪತ್ರೆಯಲ್ಲಿ ಶಿಬಿರ ಐತೆ. ಆಪರೇಶನ್ನು, ಒಳಗೆ ಹಾಕೋ ಲೆನ್ಸು, ಎಲ್ಲ ಪುಕ್ಕಟೆ.”

ಅಷ್ಟರಲ್ಲಿ ಅಜ್ಜಿಯ ಮಗ ಕೃಷ್ಣಮೂರ್ತಿ ಕುರಿ ಹೊಡೆದುಕೊಂಡು ಬಂದ. ಕಟ್ಟೆಯ ಮೇಲೂ ಜನ ಸೇರಿದ್ದರು. “ವಯಸ್ಸಾದ ಮೇಲೆ ಕಣ್ಣು ಮಂಜಾಗೋದು ಇದ್ದಿದ್ದೇ ಬಿಡ್ರಿ ಮೇಡಂ. ನಮ್ಮೂರ ಮುದ್ದಪ್ಪ ಆಪರೇಶನ್ ಮಾಡಿಸ್ಕೊಂಡು ಇದ್ದ ಕಣ್ಣೂ ಕಳ್ಕೊಂಡ” ಎಂದ.

“ಮುದ್ದಪ್ಪ ಏನು ಮಾಡಿದ್ರು ಕೇಳಿ. ನಾಲ್ಕನೇ ದಿನಕ್ಕೆ ಕಣ್ಣಿಗೆ ಸೊಪ್ಪಿನ ರಸ ಹಿಂಡ್ಕೊಂಡ್ರು, ಕೊಟ್ಟ ಹನಿ ಔಷಧಿ ಮೂಲೆಗೆ ಹಾಕಿದ್ರು. ಮೊದಲು ಸಕ್ಕರೆ, ಬಿಪಿ ನೋಡ್ತಾರೆ. ಸರಿ ಇದ್ರೆ ಮಾತ್ರ ಆಪರೇಶನ್. ಸಾಮಾನ್ಯವಾಗಿ ಮಾರನೆ ದಿನವೇ ಪಟ್ಟಿ ಬಿಚ್ತಾರೆ. ಆಮೇಲೆ ಹನಿ ತಪ್ಪಿಸ್ಬಾರ್ದು, ಕಣ್ಣು ಉಜ್ಬಾರ್ದು, ಹೊಗೆ ನೀರು ತಾಗಿಸ್ಬಾರ್ದು, ಡಾಕ್ಟ್ರು ಕರೆದ ದಿನ ಮತ್ತೆ ತೋರಿಸ್ಬೇಕು. ತೀರಾ ತಡ ಮಾಡಿದ್ರೆ ಕಷ್ಟ.”

ಕೃಷ್ಣಮೂರ್ತಿ ತಲೆ ಕೆರೆದುಕೊಂಡ. “ಕುರಿ ಬಿಟ್ಟು ನಾನೆಲ್ಲಿ ಹೋಗ್ಲಿ? ಜೊತೆಗೆ ಯಾರು ಹೋಗ್ತಾರೆ?”

“ನಾನು ಹೋಗ್ತೀನಣ್ಣ!”

ಗಂಗಲಕ್ಷ್ಮಿಯ ದನಿ ಬೀದಿಗೆಲ್ಲ ಕೇಳಿಸಿತು. ಕಟ್ಟೆಯ ಮೇಲಿದ್ದವರೆಲ್ಲ ಹೊರಳಿ ನೋಡಿದರು. ಹುಡುಗಿ, ಮಾವ ಬೈಯುತ್ತಾನೋ, ಎದ್ದು ಹೋಗುತ್ತಾನೋ ತಿಳಿಯದೆ ನೆಲ ನೋಡುತ್ತ ನಿಂತಳು.

ದೊಡ್ಡೀರಪ್ಪ ಎದ್ದೇನೋ ಎದ್ದ. ಬೈದದ್ದು ಮಾತ್ರ ಬೇರೆಯವರನ್ನು. “ಲೇ ಕೃಷ್ಣ, ಬಸುರಿ ಹೆಣ್ಣುಮಗಳು ಹೋಗ್ತೀನಿ ಅಂತಾಳೆ, ಹೆತ್ತ ಮಗ ನಿಂಗೇನಲೇ ದಾಡಿ? ಇದೇ ಅವ್ವನ ಕಾಲ್ ಮೇಲೆ ಬೆಳೆದಿರೋದು ನಮ್ ಓಬಳೇಶ. ನಿನ್ ಕುರಿ ನಾನು ನೋಡ್ಕೊಂತೀನಿ. ಕರ್ಕೊಂಡು ಹೋಗಲೇ!”

ಕೃಷ್ಣಮೂರ್ತಿ ತಾಯಿಯನ್ನು ಕರೆದುಕೊಂಡು ಹೋದ. ಡಾಕ್ಟರು ನೋಡಿ, ಪೊರೆಯೇ ಹೌದು ಎಂದು ಒಂದು ಕಣ್ಣಿಗೆ ಆಪರೇಶನ್ ಮಾಡಿದರು. ಮಾರನೆಯ ದಿನ ಗಂಗಲಕ್ಷ್ಮಿ ಓಬಳೇಶನ ಜೊತೆ ತನ್ನ ತಪಾಸಣೆಗೆಂದು ಚಳ್ಳಕೆರೆಗೆ ಹೋದವಳು ಅಜ್ಜಿಯ ಹಾಸಿಗೆಯ ಹತ್ತಿರ ಹೋಗಿ ನಿಂತಳು. ಆಗಷ್ಟೇ ಪಟ್ಟಿ ಬಿಚ್ಚಿದ್ದರು. ಅಜ್ಜಿ ಮಗನ ಮುಖ ನೋಡಿ, “ಏನೋ, ತಲೆ ಎಲ್ಲ ಬೆಳ್ಳಗಾಗೈತಲ್ಲೋ!” ಎಂದು ನಗುತ್ತಿದ್ದಳು. ಆಮೇಲೆ ಗಂಗಲಕ್ಷ್ಮಿಯ ಕಡೆ ತಿರುಗಿ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು.

“ಯಾರವ್ವ ನೀನು?”

ಹುಡುಗಿಗೆ ಮತ್ತೆ ದಿಕ್ಕು ತಪ್ಪಿತು. ಕಣ್ಣು ಕಾಣದಾಗ ಗುರುತು ಸಿಗಲಿಲ್ಲ, ಸರಿ. ಈಗ ಕಂಡ ಮೇಲೂ ಯಾಕೆ ಸಿಗುತ್ತಿಲ್ಲ? “ಅಜ್ಜಿ, ನಾನು...” ಎಂದಳು.

ಅಷ್ಟು ಸಾಕಾಯಿತು. ಅಜ್ಜಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಮೂರು ವರ್ಷದ ಮಂಜಿನ ನಡುವೆ ಬಂದ ಸೊಸೆ ಇವಳು. ಅಜ್ಜಿ ಇವಳ ಮುಖ ನೋಡಿದ್ದು ಇದೇ ಮೊದಲ ಸಲ.

“ಗಂಗೀನಾ? ಇಷ್ಟು ಸಣ್ಣೋಳೇನೆ ನೀನು? ನಿನ್ ಮಾತು ಕೇಳಿ ಯಾರೋ ಗಟ್ಟಿ ಹೆಂಗ್ಸು ಅಂದ್ಕೊಂಡಿದ್ನಲ್ಲೇ! ಇಷ್ಟು ಎಳೇ ಕೂಸಿನ ಮೇಲೆ ನನ್ ಮಗಳ ದುಃಖವೆಲ್ಲ ಹೊರಿಸಿದ್ನಲ್ಲೇ, ನಾ ತಲ್ಲೀ, ನನ್ ತಾಯೀ!”

ಕಣ್ಣಿಗೆ ಕೈ ತಾಗಿಸಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅಜ್ಜಿ ಕಣ್ಣು ಒರೆಸಿಕೊಳ್ಳಲಿಲ್ಲ. ಗಂಗಲಕ್ಷ್ಮಿಯೇ ತನ್ನ ಸೆರಗಿನಿಂದ ಅವಳ ಕೆನ್ನೆ ಒರೆಸಿದಳು. ದಿನ ತುಂಬಿದ ಮೇಲೆ ಅದೇ ಆಸ್ಪತ್ರೆಯಲ್ಲಿ ಗಂಗಲಕ್ಷ್ಮಿಗೆ ಹೆಣ್ಣು ಕೂಸು ಹುಟ್ಟಿತು. ಕೂಸು ಮನೆಗೆ ಬಂದ ಮೇಲೆ, ಡಾಕ್ಟರನ್ನು ಕೇಳಿಕೊಂಡೇ ಅಜ್ಜಿ ಕಾಲು ಚಾಚಿ ಕೂತಳು, ಮೊಣಕೈ ಅದ್ದಿ ನೀರಿನ ಹದ ನೋಡಿದಳು, ಕೂಸಿಗೆ ಎರೆದಳು.

ಕೇಳಿದಿರಾ, ಅಕ್ಕತಂಗಿಯರೇ, ಅಣ್ಣತಮ್ಮಂದಿರೇ? ನಿಮ್ಮ ಬೀದಿಯಲ್ಲೂ ಜಗಲಿಯ ಮೇಲೊಬ್ಬಳು ಅಜ್ಜಿ, ಕಟ್ಟೆಯ ಮೇಲೊಬ್ಬ ತಾತ ಇದ್ದೇ ಇರುತ್ತಾರೆ. ದಿನಕ್ಕೊಂದು ಸಲ ಅವರನ್ನು ಮಾತಾಡಿಸಿ. ಅವರು ತಡವರಿಸಿ ನಡೆದರೆ, ಮಾಡುವ ಕೆಲಸದಲ್ಲಿ ತಪ್ಪಿದರೆ, ಅರಳು ಮರಳು ಎಂದು ನಗಬೇಡಿ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಸೊಪ್ಪಿನ ರಸ ಹಾಕಬೇಡಿ. ನಿಮ್ಮನ್ನು ನೋಡಿಯೂ ಅವರು ನಗಲಿಲ್ಲವೇ? ಮುನಿಸಿಕೊಂಡು ಮುಂದೆ ಹೋಗುವ ಮೊದಲು ನಾಲ್ಕು ಹೆಜ್ಜೆ ಹತ್ತಿರ ಹೋಗಿ, “ಅಜ್ಜಿ, ನಾನು ಬಂದಿದೀನಿ” ಎಂದು ನಿಮ್ಮ ಹೆಸರು ಹೇಳಿ.