ಬೆತ್ತದಕ್ಕನ ಎರಡನೇ ಪತ್ರ

ಬೆತ್ತದ ಕುರ್ಚಿಗಳಿಗೆ ಹೊಸದಾಗಿ ಆಸನ ಹೆಣೆದುಕೊಡುವ ಆ ಅಂಗಡಿಗೆ ಬೋರ್ಡು ಇರಲಿಲ್ಲ. ಬೀದಿಯಲ್ಲಿ ಯಾರನ್ನು ಕೇಳಿದರೂ ಬೆತ್ತದಕ್ಕನ ಅಂಗಡಿ ತಾನೇ ಎಂದು ಕೈ ತೋರಿಸುತ್ತಿದ್ದರು. ತೊಂದರೆ ಏನೆಂದರೆ, ಕೇಳುವವರೇ ಇಲ್ಲವಾಗಿದ್ದರು. ಈ ವರ್ಷ ಬಂದ ಕುರ್ಚಿಗಳು ಹನ್ನೊಂದೇ ಹನ್ನೊಂದು, ಅದರಲ್ಲೂ ಎರಡನ್ನು ತಂದವರು ವಾಪಸ್ಸು ಒಯ್ಯುವುದನ್ನೇ ಮರೆತಿದ್ದರು. ಹೀಗೇ ಆದರೆ ಬಾಗಿಲಿಗೆ ಬೀಗ ಹಾಕಬೇಕು, ಐವತ್ತರ ಹತ್ತಿರ ಬಂದ ತಾನು ಇನ್ನು ಯಾವ ಕೆಲಸ ಕಲಿಯಲಿ ಎಂದು ಬೆತ್ತದಕ್ಕನಿಗೆ ಚಿಂತೆ.

ದೊಡ್ಡಮ್ಮನಿಗೆ ಆ ಚಿಂತೆ ಇದ್ದಂತೆ ಕಾಣುತ್ತಿರಲಿಲ್ಲ. ತೀರಿಹೋದ ತಂಗಿಯ ಮಗಳಾದ ಬೆತ್ತದಕ್ಕನನ್ನು ಎಂಟನೇ ವಯಸ್ಸಿನಿಂದ ಸಾಕಿ, ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವಳು ಆಕೆ. ಈಗ ಕಣ್ಣು ಮಂಜು. ಆದರೂ ಬೆಳಿಗ್ಗೆ ತಪ್ಪದೆ ಬಂದು ಕಿಟಕಿ ಪಕ್ಕದ ಮೋಟು ಸ್ಟೂಲಿನ ಮೇಲೆ ಕೂರುತ್ತಿದ್ದಳು. ನೀರಿನ ಟಬ್ಬಿನಲ್ಲಿ ನೆನೆದ ಬೆತ್ತದ ಎಳೆಗಳನ್ನು ಒಂದೊಂದಾಗಿ ಬೆರಳ ನಡುವೆ ಎಳೆದು, ಎಲ್ಲಿ ಸೀಳಿದೆ, ಯಾವ ಮಗ್ಗುಲು ನುಣುಪು ಎಂದು ಹೇಳುತ್ತಿದ್ದಳು. ಅವಳು ಬೇಡವೆಂದು ಬದಿಗಿಟ್ಟ ಎಳೆಯನ್ನು ಬೆತ್ತದಕ್ಕ ಎಂದೂ ಬಳಸುತ್ತಿರಲಿಲ್ಲ.

ಪೇಪರಿನಲ್ಲಿ ಬಂದರೆ ಜನ ತಾವಾಗಿ ಬರುತ್ತಾರೆ ಎಂದವನು ಎದುರಿನ ಟೈಲರು. ಒಮ್ಮೆ ಚರಂಡಿಯ ಬಗ್ಗೆ ಅವನು ಬರೆದ ನಾಲ್ಕು ಸಾಲು ಓದುಗರ ಪತ್ರದಲ್ಲಿ ಅಚ್ಚಾಗಿತ್ತು. ಅಂದಿನಿಂದ ಪತ್ರಿಕೋದ್ಯಮ ಅವನಿಗೆ ಮನೆಯ ವಿಷಯ. ಅವನ ಮಾತು ಕೇಳಿ ಬೆತ್ತದಕ್ಕ ಎರಡು ವಾರ ಲೈಬ್ರರಿಯಲ್ಲಿ ಕೂತು ಹಳೆಯ ಪೇಪರುಗಳನ್ನು ತಿರುವಿ ಹಾಕಿದಳು. ಭಾನುವಾರದ ಪುಟಕ್ಕೆ ಯಾರು ಬರೆಯುತ್ತಾರೆ, ಹಳೆಯ ಮನೆ, ಹಳೆಯ ಸಾಮಾನಿನ ಬಗ್ಗೆ ಯಾರಿಗೆ ಪ್ರೀತಿ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬ್ಲಾಗುಗಳನ್ನು ಟೈಲರೇ ತನ್ನ ಫೋನಿನಲ್ಲಿ ಹುಡುಕಿಕೊಟ್ಟ. ಒಟ್ಟು ಹದಿನಾಲ್ಕು ವಿಳಾಸ ಸಿಕ್ಕವು. ಅದರಲ್ಲೊಂದು ಅಡುಗೆಯ ಬ್ಲಾಗು ಎಂಬುದು ಪತ್ರ ಕಳಿಸಿದ ಮೇಲೆ ಗೊತ್ತಾಯಿತು.

ಮೊದಲ ಪತ್ರದಲ್ಲಿ ಇದ್ದದ್ದೆಲ್ಲ ನಿಜ. ನಾನು ಮತ್ತು ನನ್ನ ದೊಡ್ಡಮ್ಮ ಇಂಥ ಬೀದಿಯಲ್ಲಿ ಇಂಥ ಕೆಲಸ ಮಾಡುತ್ತೇವೆ, ಒಮ್ಮೆ ಬಂದು ನೋಡಿ, ಅಷ್ಟೇ. ಹದಿಮೂರು ಜನ ತುಟಿ ಪಿಟಕ್ಕೆನ್ನಲಿಲ್ಲ. ಭಾನುವಾರದ ಪುಟದವನೊಬ್ಬ ಮಾತ್ರ ಒಂದು ಸಾಲಿನ ಉತ್ತರ ಕಳಿಸಿದ: ಕೆಲಸ ಚೆನ್ನಾಗಿದೆ, ಆದರೆ ಇದರಲ್ಲಿ ಸುದ್ದಿ ಏನಿದೆ?

ಬೆತ್ತದಕ್ಕನಿಗೆ ಮುಖಕ್ಕೆ ಹೊಡೆದಂತಾಯಿತು. ಮತ್ತೆ ಲೈಬ್ರರಿಗೆ ಹೋಗಿ, ಪೇಪರಿನಲ್ಲಿ ಬಂದವರೆಲ್ಲ ಯಾಕೆ ಬಂದರು ಎಂದು ನೋಡಿದಳು. ಕೆಲವರು ಮೊದಲಿಗರು, ಕೆಲವರು ಒಬ್ಬರೇ ಒಬ್ಬರು, ಉಳಿದವರು ಕೊನೆಯವರು. ತಾನು ಮೊದಲಿಗಳಲ್ಲ. ಒಬ್ಬಳೇ ಎನ್ನೋಣವೆಂದರೆ ದೊಡ್ಡಮ್ಮ ಇದ್ದಾಳೆ. ಕೊನೆಯವಳಾಗೋಣವೆಂದರೂ ದೊಡ್ಡಮ್ಮ ಇದ್ದಾಳೆ. ಎರಡು ದಿನ ಪೆನ್ನು ಕಚ್ಚಿಕೊಂಡು ಕೂತಳು. ಮೂರನೆಯ ದಿನ, ಮೂರು ಮಾರು ದೂರದಲ್ಲಿ ದೊಡ್ಡಮ್ಮ ಎಳೆ ಆರಿಸುತ್ತಿರುವಾಗಲೇ, ಬರೆದಳು: “ನನಗೆ ಕಲಿಸಿದ ದೊಡ್ಡಮ್ಮ ತೀರಿಹೋಗಿದ್ದಾರೆ. ಏಳು ಸುತ್ತು ಎಳೆ ಹಾಯಿಸುವ ಈ ಹೆಣಿಗೆ ಬಲ್ಲವಳು ಊರಿನಲ್ಲಿ ಈಗ ನಾನೊಬ್ಬಳೇ.”

ಬರೆದು ಮುಗಿಸಿದ್ದೇ ತಡ, ದೊಡ್ಡಮ್ಮ ನೀರು ಕೇಳಿದಳು. ಬೆತ್ತದಕ್ಕ ಬೇರೆ ಕಡೆ ನೋಡುತ್ತ ಲೋಟ ಕೊಟ್ಟಿದ್ದರಿಂದ ಅರ್ಧ ನೀರು ನೆಲದ ಪಾಲಾಯಿತು. ಆದರೂ ಆ ಪತ್ರವನ್ನು ಅವಳು ಹರಿಯಲಿಲ್ಲ. ಹದಿನಾಲ್ಕು ಪ್ರತಿ ಮಾಡಿ ಕಳಿಸಿದಳು, ಅಡುಗೆಯವರಿಗೂ ಸೇರಿಸಿ.

ಎರಡೇ ದಿನದಲ್ಲಿ ಉತ್ತರ ಬಂತು. ಹಳೆಯ ಸಾಮಾನುಗಳ ಬ್ಲಾಗು ನಡೆಸುವ ಹೆಂಗಸು, ಓದಿ ಕಣ್ಣು ತುಂಬಿತು, ಗುರುವಾರ ಹತ್ತು ಗಂಟೆಗೆ ಬರುತ್ತೇನೆ ಎಂದು ಬರೆದಿದ್ದಳು. ಬೆತ್ತದಕ್ಕ ಕೂಡಲೇ ಗುರುವಾರಕ್ಕೆ ಕಣ್ಣಿನ ಡಾಕ್ಟರ ಬಳಿ ದೊಡ್ಡಮ್ಮನ ಹೆಸರು ಬರೆಸಿದಳು. ಟೈಲರ ಹೆಂಡತಿ ಜೊತೆಗೆ ಹೋಗುವುದೆಂದಾಯಿತು. ನನ್ನ ಕಣ್ಣಿನ ಮೇಲೆ ಇದ್ದಕ್ಕಿದ್ದಂತೆ ಏನು ಅಕ್ಕರೆ ಎಂದು ದೊಡ್ಡಮ್ಮ ನಕ್ಕಳು.

ಡಾಕ್ಟರು ಗುರುವಾರ ಬರಲಿಲ್ಲ. ಹತ್ತೂವರೆಗೆಲ್ಲ ದೊಡ್ಡಮ್ಮ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು.

ಒಳಗೆ ಬ್ಲಾಗಿನವಳು ಫೋಟೋ ತೆಗೆಯುತ್ತಿದ್ದಳು. ಬೆತ್ತದಕ್ಕ ಎದ್ದು ನಿಂತಳು. ದೊಡ್ಡಮ್ಮ ಬಂದು ತನ್ನ ಸ್ಟೂಲಿನ ಮೇಲೆ ಕೂತು ಟಬ್ಬಿಗೆ ಕೈಹಾಕಿದಳು. ಇವರು ಯಾರು ಎಂದು ಬ್ಲಾಗಿನವಳು ಸಹಜವಾಗಿ ಕೇಳಿದಳು.

“ಇವರಾ,” ಅಂದಳು ಬೆತ್ತದಕ್ಕ. “ಹೆಲ್ಪರ್. ಬೆತ್ತ ನೆನೆಸಿಕೊಡ್ತಾರೆ.”

ಟಬ್ಬಿನೊಳಗಿನ ಕೈ ಒಂದು ಕ್ಷಣ ನಿಂತಿತು. ಆಮೇಲೆ ದೊಡ್ಡಮ್ಮ ತಲೆಯೆತ್ತಿ, ದನಿ ಬಂದ ಕಡೆಗೆ ಮುಖ ಮಾಡಿದಳು.

“ಹೌದಮ್ಮ. ಮೇಡಂ ಹೇಳಿದಷ್ಟು ನೆನೆಸಿಕೊಡ್ತೀನಿ.”

ನಲವತ್ತು ವರ್ಷದಲ್ಲಿ ದೊಡ್ಡಮ್ಮ ಅವಳನ್ನು ಕತ್ತೆ ಎಂದಿದ್ದುಂಟು, ಚಿನ್ನ ಎಂದಿದ್ದುಂಟು. ಮೇಡಂ ಎಂದಿರಲಿಲ್ಲ. ಬೆತ್ತದಕ್ಕನಿಗೆ ನೆಲ ಬಾಯಿ ತೆರೆದು ತನ್ನನ್ನು ನುಂಗಬಾರದೇ ಎನಿಸಿತು. ನೆಲ ಎಲ್ಲಿ ಬಾಯಿ ತೆರೆಯುತ್ತದೆ, ನಾಚಿಕೆಗೆಟ್ಟವರನ್ನೆಲ್ಲ ನುಂಗುತ್ತ ಹೋದರೆ ಅದಕ್ಕೆ ಬಿಡುವೇ ಇರುವುದಿಲ್ಲ. ಕೆಲಸ ಮಾಡಿ ತೋರಿಸಿ ಎಂದು ಬ್ಲಾಗಿನವಳು ಕೇಳಿದ್ದರಿಂದ ಅವಳು ಅರ್ಧ ಹೆಣೆದ ಕುರ್ಚಿಯ ಮುಂದೆ ಕೂತಳು.

ಆಸನದ ಮೂಲೆಯಲ್ಲಿ ಓರೆಯಾಗಿ ಬರುವ ಎರಡು ಎಳೆ ಒಂದೇ ತೂತಿನಲ್ಲಿ ಇಳಿಯಬೇಕು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ತಪ್ಪಿದರೆ ಇಡೀ ಹೆಣಿಗೆ ಸೊಟ್ಟ. ನಿದ್ದೆಯಲ್ಲೂ ಮಾಡಬಲ್ಲ ಕೆಲಸ ಅದು. ಆದರೆ ಇಷ್ಟು ಹೊತ್ತು ಮಾತಾಡುತ್ತ ಹಿಡಿದಿದ್ದ ಎಳೆ ಒಣಗಿಹೋಗಿತ್ತು. ಎಳೆದ ಕೂಡಲೇ ಲಟಕ್ಕನೆ ಮುರಿಯಿತು. ಇನ್ನೊಂದು ತೆಗೆದುಕೊಂಡಳು, ಅದನ್ನು ತಪ್ಪು ಮಗ್ಗುಲಲ್ಲಿ ಇಳಿಸಿದಳು. ಬೆವರು ಕಣ್ಣಿಗಿಳಿಯಿತು. ಆಗ ದೊಡ್ಡಮ್ಮ ಸ್ಟೂಲನ್ನು ಹತ್ತಿರ ಜರುಗಿಸಿಕೊಂಡು, ಒದ್ದೆ ಎಳೆಯೊಂದನ್ನು ಆರಿಸಿ, ತೂತನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ, ಎರಡೂ ಎಳೆಯನ್ನು ಇಳಿಸಿ, ಅಲುಗದಂತೆ ಮರದ ಬೆಣೆ ಒತ್ತಿದಳು. ಅಷ್ಟರಲ್ಲಿ ಬ್ಲಾಗಿನವಳ ಕ್ಯಾಮೆರಾ ನಾಲ್ಕೈದು ಸಲ ಸದ್ದು ಮಾಡಿತ್ತು.

ಸಂಜೆ ಮನೆಗೆ ನಡೆದು ಹೋಗುವಾಗ ದೊಡ್ಡಮ್ಮ ಎಂದಿನಂತೆ ಬೆತ್ತದಕ್ಕನ ಮೊಣಕೈ ಹಿಡಿದುಕೊಳ್ಳಲಿಲ್ಲ, ಗೋಡೆ ಸವರಿಕೊಂಡು ನಡೆದಳು. ಬೈದಿದ್ದರೆ ಬೆತ್ತದಕ್ಕ ಬದುಕಿಕೊಳ್ಳುತ್ತಿದ್ದಳು.

ಲೇಖನ ಸೋಮವಾರ ಬಂತು. ಟೈಲರು ಅದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟು ಹಾಕಿಸಿ ತಂದ. ಮೇಲೆ ಕೈಗಳ ಫೋಟೋ, ಕೆಳಗೆ “ಊರಿನ ಕೊನೆಯ ಕೈಗಳು” ಎಂಬ ಸಾಲು. ಉಬ್ಬಿದ ಗೆಣ್ಣು, ಸೊಟ್ಟ ಹೆಬ್ಬೆರಳು, ಅವು ದೊಡ್ಡಮ್ಮನ ಕೈಗಳು. ಕುರ್ಚಿ ಬಿಟ್ಟು ಬೇರೇನನ್ನೂ ನೋಡದ ಬ್ಲಾಗಿನವಳಿಗೆ ಯಾರ ಕೈ ಯಾವುದೆಂಬ ನೆನಪೂ ಉಳಿದಿರಲಿಲ್ಲ. ಓದು ಎಂದಳು ದೊಡ್ಡಮ್ಮ. ಬೆತ್ತದಕ್ಕ ಓದಿದಳು, ಎರಡನೇ ಪ್ಯಾರಾ ಒಂದನ್ನು ಹಾರಿಸಿ.

“ಇಷ್ಟೇನಾ?”

“ಇಷ್ಟೇ ದೊಡ್ಡಮ್ಮ.”

ಬುಧವಾರದ ಹೊತ್ತಿಗೆ ಏಳು ಕುರ್ಚಿ ಬಂದವು. ಗೋಡೆಗೆ ಒರಗಿಸಿಟ್ಟ ಅವುಗಳನ್ನು ಕಂಡು ಸಂತೋಷ ಪಡಬೇಕಾದವಳು ಬಂದವರ ಮುಖ ನೋಡಲಾರದೆ ತಲೆ ತಗ್ಗಿಸಿಕೊಂಡೇ ಚೀಟಿ ಬರೆದಳು. ಗುರುವಾರ ಅವಳ ಎರಡೂ ಕೈ ಹೆಣಿಗೆಯಲ್ಲಿ ಸಿಕ್ಕಿಕೊಂಡಿದ್ದಾಗ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ದೊಡ್ಡಮ್ಮ ತಡಕಾಡಿ ಎತ್ತಿಕೊಂಡಳು. ಹೌದು ಎಂದಳು. ಹ್ಞೂ, ಹ್ಞೂ ಎಂದಳು. ಹೇಳ್ತೀನಿ, ಖಂಡಿತ ಹೇಳ್ತೀನಿ ಎಂದು ಇಟ್ಟಳು.

“ನನ್ನ ಹತ್ರ ತೂಗುಕುರ್ಚಿ ಹೆಣೆಸಿಕೊಳ್ತಿದ್ರಲ್ಲ, ಆ ಮೇಷ್ಟ್ರು,” ಅಂದಳು. “ಪಾಪ, ಅಳ್ತಾ ಇದ್ರು. ದೊಡ್ಡಮ್ಮ ಹೋದದ್ದು ಯಾರೂ ಹೇಳಲಿಲ್ಲ, ಎಂಥಾ ಕೈ ಅದು ಅಂದ್ರು. ನಿನಗೆ ಸಮಾಧಾನ ಹೇಳೋಕೆ ಹೇಳಿದ್ರು.”

ಮತ್ತೆ ಟಬ್ಬಿಗೆ ಕೈಹಾಕಿದಳು. ಬೆತ್ತದಕ್ಕ ನೆಲದ ಮೇಲೆ ಅವಳ ಮೊಣಕಾಲ ಬಳಿ ಕೂತು, ಮೊದಲ ಪತ್ರ, ಎರಡನೇ ಪತ್ರ, ಕಣ್ಣಿನ ಡಾಕ್ಟರು, ಹಾರಿಸಿದ ಪ್ಯಾರಾ, ಎಲ್ಲವನ್ನೂ ಬಿಕ್ಕಿ ಬಿಕ್ಕಿ ಹೇಳಿದಳು. ದೊಡ್ಡಮ್ಮ ಎಳೆ ಆರಿಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಕೇಳಿದ್ದು ಒಂದೇ: ಎಷ್ಟು ಜನಕ್ಕೆ ಬರೆದೆ? ಹದಿನಾಲ್ಕು ಎಂದಾಗ, ಅಷ್ಟೊಂದು ಜನಕ್ಕಾ ಎಂದಳು.

ಅಂದೇ ಬೆತ್ತದಕ್ಕ ಹದಿನಾಲ್ಕು ಜನಕ್ಕೂ ಮೂರನೇ ಪತ್ರ ಬರೆದಳು. ದೊಡ್ಡಮ್ಮ ಬದುಕಿದ್ದಾರೆ, ಫೋಟೋದಲ್ಲಿರುವ ಕೈ ಅವರದೇ, ನಾನು ಹೇಳಿದ್ದು ಸುಳ್ಳು, ದಯವಿಟ್ಟು ಅದನ್ನೂ ಹಾಕಿ ಎಂದು. ಮೇಷ್ಟ್ರಿಗೆ ಫೋನು ಮಾಡಿ ಬೈಸಿಕೊಂಡಳು. ಬಂದಿದ್ದ ಏಳೂ ಕುರ್ಚಿ ವಾಪಸ್ಸು ಹೋಗಲಿ, ಅಂಗಡಿ ಮುಚ್ಚಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡಳು.

ಬ್ಲಾಗಿನವಳ ಉತ್ತರ ಮರುದಿನವೇ ಬಂತು. ಅದರಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ಇದಂತೂ ಮೊದಲಿನದಕ್ಕಿಂತ ಒಳ್ಳೆಯ ಕಥೆ, ಶನಿವಾರ ವಿಡಿಯೋದವರನ್ನೂ ಕರೆದುಕೊಂಡು ಬರುತ್ತೇನೆ, ಭಾನುವಾರದ ಪುಟದವರೂ ಕೇಳುತ್ತಿದ್ದಾರೆ ಎಂದಿತ್ತು. ಈ ಸಲ ಬೆತ್ತದಕ್ಕ ಒಂದು ಪದವನ್ನೂ ಹಾರಿಸದೆ ಓದಿದಳು. ಓದಿ, ಬೇಡ ಅಂತ ಬರೆದುಬಿಡ್ತೀನಿ ಎಂದಳು.

ದೊಡ್ಡಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ಗೋಡೆಗೆ ಒರಗಿಸಿದ್ದ ಕುರ್ಚಿಗಳನ್ನು ಒಂದೊಂದಾಗಿ ಮುಟ್ಟಿ, ಏಳೂ ಇವೆಯೇ ಎಂದು ನೋಡಿದಳು.

“ಬರಲಿ ಬಿಡು, ಅಂಗಡಿ ನಡೀಬೇಕಲ್ಲ,” ಅಂದಳು. “ಆದ್ರೆ ಈ ಸಲ ನಾನು ಯಾರು ಅನ್ನೋದನ್ನ ಮೊದಲೇ ಹೇಳಿಬಿಡು.”