ಅಡುಗೆಮನೆಗೆ ಬಂದ ಗೂಟ

ನಿನ್ನೆ ಸಂಜೆ ಹೊಸ ಹಾದಿಯ ಗುರುತಿಗೆಂದು ಬಾಗಿಲೆದುರು ನೆಟ್ಟಿದ್ದ ಗೂಟ ಬೆಳಗಾಗುವಷ್ಟರಲ್ಲಿ ಮನೆಯ ಹಿಂದಕ್ಕೆ ಬಂದಿತ್ತು. ತಲೆಗೆ ಕೆಂಪು ಬಟ್ಟೆ ಸುತ್ತಿಕೊಂಡು, ಫೂಲ್ಮತಿಯ ಮನೆಗೂ ಅದರ ಹಿಂದಿನ ತಗಡಿನ ಅಡುಗೆಮನೆಗೂ ನಡುವೆ ನಿಂತಿತ್ತು. ಹಾದಿ ಇಲ್ಲಿಂದ ಹೋದರೆ ಅಡುಗೆಮನೆ ಹೋಯಿತು. ಅಡುಗೆಮನೆ ಹೋದರೆ ಬಸ್ ನಿಲ್ದಾಣದಲ್ಲಿ ಮಾರುವ ರೊಟ್ಟಿಯೂ ಹೋಯಿತು.

ಕೆಸರಿನಲ್ಲಿ ಕಿರುಬೆರಳಿಲ್ಲದ ಅಗಲ ಪಾದದ ಗುರುತಿತ್ತು. ಅಂಥ ಪಾದ ಕೇರಿಗೆಲ್ಲ ಒಂದೇ. ಎದುರು ಮನೆಯ ಅಕನಿಸಿಯದು.

ಅಕನಿಸಿ ಉಳಿತಾಯ ಸಂಘದ ಹಿರಿಯಳು, ಎಲ್ಲರಿಗೂ ಬುಬು, ಅಂದರೆ ಅಜ್ಜಿ. ದ್ವೀಪದೇಶದ ರಾಜಧಾನಿ ಸುವಾ ಪಟ್ಟಣದ ಅಂಚಿನ, ಕಾಂಡ್ಲಾ ಗಿಡ ಬೆಳೆದ ಈ ಕಡಲ ಕೆಸರಿನಲ್ಲಿ ಹೆಂಗಸರೇ ಶನಿವಾರ ಶನಿವಾರ ದುಡ್ಡು ಕೂಡಿಟ್ಟು, ತಾವೇ ಹಗ್ಗ ಹಿಡಿದು ಅಳೆದು, ಹಾದಿಯನ್ನೂ ನೀರಿನ ಕೊಳವೆಯನ್ನೂ ಹಾಕಲು ಹೊರಟಿದ್ದರು. ಭೂಮಿ ಕಚೇರಿಗೆ ಹೋಗಿಬರುವುದು ಮಾತ್ರ ಅಕನಿಸಿಯ ಕೆಲಸ. ಹಾದಿ ಹಿಂದೆ ಸರಿದರೆ ಎರಡು ಮನೆಗಳ ನಡುವಿನ ಜಾಗ ಯಾರಿಗೆ? ಫೂಲ್ಮತಿಗೆ ಲೆಕ್ಕ ಹಾಕಬೇಕಾಗಲಿಲ್ಲ.

ಹಿಂದೆ ಲಂಬಾಸಾದಲ್ಲಿ ಅವಳ ಕಬ್ಬಿನ ಹೊಲದ ಗುತ್ತಿಗೆ ಮುಗಿದಾಗಲೂ ಮೊದಲು ಬಂದದ್ದು ಗೂಟವೇ. ನೆಡಲು ಬಂದವರಿಗೆ ಅವಳೇ ಚಹಾ ಕಾಸಿ ಕೊಟ್ಟಿದ್ದಳು. ಕುಡಿದು, ಚೆನ್ನಾಗಿದೆ ಎಂದು ಹೊಗಳಿ, ಮನೆ ಬಿಡಿಸಿದ್ದರು.

ಗೂಟ ಕಿತ್ತಳು. ಬಾಗಿಲೆದುರಿನ ಹಳೆಯ ಕುಳಿಗೇ ಇಳಿಸಿ, ರುಬ್ಬುಗುಂಡಿನಿಂದ ಬಡಿದಳು.

ಹತ್ತು ಗಂಟೆಗೆ ಭೂಮಿ ಕಚೇರಿಯ ಸಾಹೇಬ ಹಲಗೆ ಹಿಡಿದು ಬಂದ. ಹೆಂಗಸರು ಹಿಂದೆ ನಡೆದರು. ಫೂಲ್ಮತಿ ಬಾಯಿಬಿಡಲಿಲ್ಲ; ಕಳ್ಳಿಯ ಮುಖ ಬೀಳುವುದನ್ನು ನೋಡಬೇಕಿತ್ತು.

ಸಾಹೇಬ ಅಕನಿಸಿಯ ಮನೆಗೆ ಸಂಖ್ಯೆ ಬರೆದ. ಫೂಲ್ಮತಿಯ ಮನೆಯನ್ನು ದಾಟಿ ಮುಂದೆ ಹೋದ.

"ಸಾಹೇಬ್ರೆ, ನನ್ನ ಮನೆ?"

"ಹಾದಿಯೇ ಗಡಿ. ಗೂಟದಿಂದಾಚೆ ಕಡಲ ಜಾಗ ಕಣಮ್ಮ. ಅದಕ್ಕೆಲ್ಲಾ ಗುತ್ತಿಗೆಪತ್ರ ಇಲ್ಲ. ಇಂದಲ್ಲ ನಾಳೆ ಎತ್ತಲೇಬೇಕು."

ಕಳ್ಳಿಯ ಮುಖ ಬಿದ್ದಿತ್ತು, ನಿಜ. ಅಕನಿಸಿ ಗೂಟ ನೋಡಿ ಓಡಿಬಂದಳು. "ಅಯ್ಯೋ ದೀದಿ, ಇದನ್ನ ಯಾರು ಇಲ್ಲಿಟ್ಟರು?"

"ನಾನೇ! ನೀನು ಕದ್ದು ಸರಿಸಿದ್ದನ್ನ ವಾಪಸಿಟ್ಟೆ!"

"ಅಡುಗೆಮನೆ ಹೋದ್ರೂ ನಿನ್ನ ಮನೆ ಉಳೀಲಿ ಅಂತ ಸರಿಸಿದ್ದು ಕಣೇ, ಹುಚ್ಚಿ!"

ಫೂಲ್ಮತಿಯ ಅನುಮಾನ ಇಳಿಯಲಿಲ್ಲ, ಹೆಡೆ ಎತ್ತಿತು.

"ಗೂಟದಾಚೆ ಮನೆ ಹೋಗುತ್ತೆ ಅಂತ ನಿಂಗೆ ಯಾವಾಗ ಗೊತ್ತಾಯ್ತು, ಬುಬು?"

ಅಕನಿಸಿ ನೆಲ ನೋಡಿದಳು. "ಹೋದ ತಿಂಗಳು, ಕಚೇರೀಲಿ."

"ಹಗ್ಗ ಹಿಡಿಯೋಕ್ ಮುಂಚೆ! ಯಾಕೆ ಬಾಯಿ ಬಿಡಲಿಲ್ಲ?"

"ಹೇಳಿದ್ರೆ ನಿನ್ನ ಮನೆಯಾಚೆ ನಾಲ್ಕು ಮನೇವ್ರೂ ಸರ್ಸು ಅಂತಿದ್ರು. ಎಲ್ರನ್ನೂ ಉಳ್ಸೋಕಾಗಲ್ಲ ದೀದಿ. ಅಷ್ಟೂ ಸರ್ಸಿದ್ರೆ ಕಚೇರಿಯವ್ರು ಹಾದೀನೇ ಒಪ್ಪಲ್ಲ."

ಗುಂಪಿನ ಹಿಂದಿನಿಂದ ಏಡಿ ಹಿಡಿಯುವ ಮುದುಕ ಸೆಫನಾಯಾ ಮುಂದೆ ಬಂದ. ಆ ನಾಲ್ಕರಲ್ಲಿ ಕೊನೆಯ ಮನೆ ಅವನದು. "ಶನಿವಾರದ ದುಡ್ಡು ತಗೊಳ್ಳುವಾಗ ನನ್ನ ಮನೆ ಈಚೆಗಿತ್ತಲ್ಲ, ಅಕನಿಸಿ?" ಎಂದ. ದನಿ ಏರಿಸಲೂ ಇಲ್ಲ.

ನಿನ್ನೆ ಹಾಡುತ್ತ ಹಗ್ಗ ಎಳೆದವರು ತಮ್ಮ ಕೈ ನೋಡಿಕೊಂಡರು. ಬಡವರನ್ನು ಎತ್ತಿಸುವ ಗೆರೆಯನ್ನು ಕಚೇರಿಯವರು ಬಡವರ ಕೈಯಲ್ಲೇ, ಅವರದೇ ಕಾಸಿನಲ್ಲಿ ಎಳೆಸಿಬಿಟ್ಟಿದ್ದರು.

ಬಿಸಿಲೇರುತ್ತಿತ್ತು, ಸಾಹೇಬನಿಗೆ ಅವಸರ. "ಸರಿಯಾದ ಗೂಟ ತೋರ್ಸಮ್ಮ. ನಿನ್ನ ಮನೆ ಬರ್ದು ಹೋಗ್ತೀನಿ."

ಮನೆಯ ಹಿಂದಕ್ಕೆ ಹನ್ನೆರಡು ಹೆಜ್ಜೆ ಅಷ್ಟೆ. ಗೂಟ ಅಲ್ಲಿ ಊರಿದರೆ ಮನೆ ಅವಳದು. ಫೂಲ್ಮತಿ ಗೂಟ ಕಿತ್ತಳು. ಮನೆಯ ಹಿಂದಿನ ಕುಳಿಯನ್ನು ನೋಡಿದಳು, ಸೆಫನಾಯಾನನ್ನು ನೋಡಿದಳು. ಅವಳಿಗೆ ಅಳು ಬಂತು, ಸಿಟ್ಟಿನ ಅಳು.

"ಬರೀಬೇಡಿ ಸಾಹೇಬ್ರೆ. ಅಳತೆ ತಪ್ಪಾಗಿದೆ. ಯಾರ ಹೆಸರೂ ಬರೀಬೇಡಿ."

"ನಾನು ಮತ್ತೆ ಬರೋಕೆ ಆರು ತಿಂಗಳಾಗುತ್ತೆ. ಆಮೇಲೆ ಕಾಲು ಹಿಡೀಬೇಡ."

"ಹಿಡಿಯಲ್ಲ."

ಅವನು ಅಕನಿಸಿಯ ಕಡೆ ನೋಡಿದ. ಅವಳ ಮನೆಗೆ ಸಂಖ್ಯೆ ಬಿದ್ದಾಗಿತ್ತು. ಅಕನಿಸಿ ಮುಂದೆ ಬಂದು ಅವನ ಹಲಗೆಯ ಮೇಲೆ ಬೆರಳಿಟ್ಟಳು. "ನಂದೂ ಹೊಡೆದುಹಾಕಿ" ಎಂದಳು.

ಸಾಹೇಬ ಹೊಡೆದುಹಾಕಿ ಹೊರಟ. ಹೆಂಗಸರು ಹೊಸದಾಗಿ ಅಳೆಯಲು ಸೆಫನಾಯಾನ ಮನೆಯಿಂದಾಚೆಗೆ, ಮೊಣಕಾಲುದ್ದ ಕೆಸರಿಗೆ ಇಳಿದರು. ಹಗ್ಗದ ತುದಿ ಹಿಡಿಯಲು ಅಕನಿಸಿ ಕೈ ಚಾಚಿದಳು. ಫೂಲ್ಮತಿ ಕೊಟ್ಟಳು.

"ನೀನು ಮುಂದೆ ನಡಿ, ಬುಬು. ನಾನು ಹಿಂದಿನಿಂದ ನಿನ್ನ ಕೈ ನೋಡ್ಕೊಂಡು ಬರ್ತೀನಿ."